ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಗದ್ದೆ ಯಾವ ವರ್ಷ ತೋಟವಾಯಿತು?

ಈ ಸಲ ಅಂಕಣ ಪೂರ್ತಿ ಒಂದೇ ವಿಷಯಕ್ಕೆ. ಉಪಗ್ರಹ ಚಿತ್ರ ನೋಡಿ ನಮ್ಮ ಹೊಲ, ಗದ್ದೆ, ತೋಟ ಹೇಗೆ ಬದಲಾಗಿವೆ ಅಂತ ತಿಳಿಯಬಹುದಾ ಎಂದು ಬೇರೆ ಬೇರೆ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವು ಉದ್ದ ಇದ್ದವು, ಪ್ರಶ್ನೆಯಷ್ಟನ್ನೇ ಇಲ್ಲಿ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರಷ್ಟೇ ಇದೆ.

ನಮ್ಮೂರು ಭದ್ರಾ ನಾಲೆಯ ಕೆಳಗಿದೆ. ಹದಿನೈದು ವರ್ಷದ ಹಿಂದೆ ಎಲ್ಲಿ ನೋಡಿದರೂ ಭತ್ತ, ಈಗ ಎಲ್ಲಿ ನೋಡಿದರೂ ಅಡಿಕೆ. ಪಹಣಿಯಲ್ಲಿ ಮಾತ್ರ ಎಷ್ಟೋ ಕಡೆ ಇನ್ನೂ ಭತ್ತ ಅಂತಲೇ ಇದೆ. ಯಾವ ಗದ್ದೆ ಯಾವ ವರ್ಷ ತೋಟ ಆಯಿತು ಅಂತ ಉಪಗ್ರಹದಿಂದ ತಿಳಿಯುತ್ತಾ? (ಚನ್ನಗಿರಿ ತಾಲ್ಲೂಕು)

ತಿಳಿಯುತ್ತದೆ. ಒಂದೆರಡು ವರ್ಷ ಆಚೀಚೆ ಆಗಬಹುದು, ಅಷ್ಟೇ.

ಮೊದಲು ಯಾವ ಚಿತ್ರ ಎಲ್ಲಿಂದ ಸಿಗುತ್ತದೆ ನೋಡೋಣ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 1984ರಿಂದ ಈಚೆಗೆ ಅದರ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. 2008ರಿಂದ ಈ ಚಿತ್ರಗಳೆಲ್ಲ ಉಚಿತ. ಯುರೋಪಿನ ಸೆಂಟಿನೆಲ್-2 ಬಂದಿದ್ದು 2015ರಲ್ಲಿ, ಅದರ ಜೋಡಿ 2017ರಲ್ಲಿ. ಅದರ ಚುಕ್ಕಿ 10 ಮೀಟರ್, ಐದು ದಿನಕ್ಕೊಮ್ಮೆ ನಿಮ್ಮ ಊರಿನ ಮೇಲೆ ಹಾಯುತ್ತದೆ, ಅದೂ ಉಚಿತ. ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-3 ಕ್ಯಾಮೆರಾ ಸುಮಾರು 23 ಮೀಟರ್ ಚುಕ್ಕಿಯ ಚಿತ್ರ ಕೊಡುತ್ತದೆ, ಲಿಸ್-4 ಕ್ಯಾಮೆರಾದ್ದು 6 ಮೀಟರಿಗೂ ಸ್ವಲ್ಪ ಕಡಿಮೆ.

ಇದನ್ನು ಗುಂಟೆ ಲೆಕ್ಕಕ್ಕೆ ತನ್ನಿ. ಒಂದು ಗುಂಟೆ ಅಂದರೆ 101 ಚದರ ಮೀಟರ್. ಸೆಂಟಿನೆಲ್‌ನ ಒಂದು ಚುಕ್ಕಿ 100 ಚದರ ಮೀಟರ್. ಹಾಗಾಗಿ ಒಂದು ಚುಕ್ಕಿಗೆ ಒಂದು ಗುಂಟೆ, ಎಕರೆಗೆ ನಲವತ್ತು ಚುಕ್ಕಿ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿಯೊಳಗೆ ಸುಮಾರು ಒಂಬತ್ತು ಗುಂಟೆ ಹೋಗುತ್ತದೆ, ಎಕರೆಗೆ ನಾಲ್ಕೂವರೆ ಚುಕ್ಕಿ ಬಂದರೆ ಜಾಸ್ತಿ. ಬದುವಿನ ಮೇಲೆ ಬೀಳುವ ಚುಕ್ಕಿಯಲ್ಲಿ ಅರ್ಧ ನಿಮ್ಮದು, ಅರ್ಧ ಪಕ್ಕದವರದು, ಜೊತೆಗೆ ಬದುವಿನ ತೆಂಗಿನ ಮರದ್ದೂ ಸೇರಿರುತ್ತದೆ. ಅದಕ್ಕೇ ಯಾವಾಗಲೂ ಜಮೀನಿನ ನಡುವಿನ ಚುಕ್ಕಿಗಳನ್ನು ನಂಬಿ, ಅಂಚಿನವನ್ನು ಬಿಡಿ.

ಈಗ ಭತ್ತವನ್ನೂ ಅಡಿಕೆಯನ್ನೂ ಬೇರೆ ಮಾಡುವುದು ಹೇಗೆ? ಒಂದೇ ಒಂದು ದಿನದ ಚಿತ್ರ ನೋಡಿದರೆ ಆಗಲ್ಲ. ನಿಮ್ಮ ಕಡೆ ಬೇಸಿಗೆ ಭತ್ತವೂ ಇರುತ್ತದಲ್ವಾ, ಮಾರ್ಚ್ ತಿಂಗಳಲ್ಲಿ ಅದೂ ಹಸಿರು, ತೋಟವೂ ಹಸಿರು. ಇಡೀ ವರ್ಷದ ಚಿತ್ರಗಳನ್ನು ಸಾಲಾಗಿ ನೋಡಬೇಕು. ಎಲೆಯಲ್ಲಿನ ಹಸಿರು ವಸ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಎಲೆ ಜೋರಾಗಿ ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಅಂಕಿಗೆ ಎನ್‌ಡಿವಿಐ ಅನ್ನುತ್ತಾರೆ. ಬರಿ ಮಣ್ಣಿಗೆ 0.1 ಅಥವಾ 0.2, ದಟ್ಟ ತೋಟಕ್ಕೆ 0.7 ದಾಟುತ್ತದೆ, ನಿಂತ ನೀರಿಗೆ ಸೊನ್ನೆಗಿಂತ ಕಡಿಮೆ ಬರುತ್ತದೆ.

ಭತ್ತದ ಗದ್ದೆಯಲ್ಲಿ ಈ ಅಂಕಿ ವರ್ಷಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆಗಸ್ಟ್‌ನಲ್ಲಿ ನೀರು ಕಟ್ಟಿ ನಾಟಿ ಮಾಡುವಾಗ ನೆಲ ಕಚ್ಚಿರುತ್ತದೆ, ಅಕ್ಟೋಬರ್ ಹೊತ್ತಿಗೆ ಮೇಲೇರುತ್ತದೆ, ಕೊಯ್ಲು ಆದ ಮೇಲೆ ಕೂಳೆ ಉಳಿದು ಧಡಕ್ಕನೆ ಬೀಳುತ್ತದೆ. ಬೇಸಿಗೆ ಬೆಳೆಗೂ ಅದೇ ಕಥೆ. ಬೆಳೆದು ನಿಂತ ಅಡಿಕೆ ತೋಟದಲ್ಲಿ ಈ ಏರಿಳಿತ ಇರಲ್ಲ, ಈ ಅಂಕಿಯ ಗೆರೆ ವರ್ಷವಿಡೀ ಮೇಲೆಯೇ ಓಡುತ್ತದೆ. ಇವೆರಡರ ನಡುವಿನ ವರ್ಷಗಳೇ ನಿಮ್ಮ ಪ್ರಶ್ನೆಗೆ ಉತ್ತರ. ಭತ್ತ ನಿಲ್ಲಿಸಿ ಬಸಿಗಾಲುವೆ ತೆಗೆದು, ಹೊರಗಿನಿಂದ ಮಣ್ಣು ಹೊಡೆಸಿ ಗದ್ದೆ ಏರಿಸಿದ ವರ್ಷ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಸುತ್ತ ಹಸಿರಿದ್ದಾಗಲೂ ಅಲ್ಲಿ ಮಣ್ಣೇ ಕಾಣುತ್ತದೆ. ಆಮೇಲೆ ಬಾಳೆ ಬಂದು ಗೆರೆ ಸ್ವಲ್ಪ ಏರುತ್ತದೆ, ಬಾಳೆ ಕಡಿದಾಗ ಇಳಿಯುತ್ತದೆ, ಅಡಿಕೆಯ ತಲೆಗಳು ಒಂದಕ್ಕೊಂದು ತಾಗುವ ಹೊತ್ತಿಗೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಸೆಂಟಿನೆಲ್‌ನ ಒಂದು ಚುಕ್ಕಿಯೊಳಗೆ ಹದಿಮೂರು, ಹದಿನಾಲ್ಕು ಸಸಿ ಇರುತ್ತವೆ. ಮೊಣಕಾಲೆತ್ತರದ ಹದಿನಾಲ್ಕು ಸಸಿ ಒಂದು ಗುಂಟೆ ಮಣ್ಣಿನಲ್ಲಿ ಮೇಲಿನಿಂದ ಕಾಣಲ್ಲ. ಅದಕ್ಕೇ ಮೊದಲ ಮೂರ್ನಾಲ್ಕು ವರ್ಷದ ತೋಟವನ್ನು ಕಂಪ್ಯೂಟರ್ ಬೀಳು ಅಂತಲೋ ಹುಲ್ಲು ಅಂತಲೋ ಗುರುತಿಸಿಬಿಡುತ್ತದೆ. ಆದರೆ ನೀವು ಹಿಂದಕ್ಕೆ ಹೋಗಿ ಭತ್ತದ ಏರಿಳಿತ ಕೊನೆಯದಾಗಿ ಕಂಡ ವರ್ಷ ಹುಡುಕಿದರೆ ಸಾಕು, ಗದ್ದೆ ತೋಟವಾಗಲು ಹೊರಟಿದ್ದು ಅದರ ಮುಂದಿನ ವರ್ಷ.

2015ಕ್ಕಿಂತ ಹಿಂದೆ ಹೋಗುವಾಗ ಲ್ಯಾಂಡ್‌ಸ್ಯಾಟ್ ಚಿತ್ರಗಳೇ ಮುಖ್ಯ ಆಸರೆ, ಅದರಲ್ಲಿ 2012ನೇ ವರ್ಷ ಮಾತ್ರ ತುಂಬ ಕಷ್ಟ. ಲ್ಯಾಂಡ್‌ಸ್ಯಾಟ್-5 ಕ್ಯಾಮೆರಾ 2011ರ ಕೊನೆಗೆ ಕೈಕೊಟ್ಟಿತ್ತು, ಲ್ಯಾಂಡ್‌ಸ್ಯಾಟ್-8 ಬಂದಿದ್ದು 2013ರಲ್ಲಿ. ನಡುವೆ ಇದ್ದ ಲ್ಯಾಂಡ್‌ಸ್ಯಾಟ್-7ರ ಚಿತ್ರಗಳಲ್ಲಿ ಕಪ್ಪು ಪಟ್ಟೆಗಳಿವೆ.

ಇನ್ನು ಪಹಣಿ ವಿಷಯ. ಬೆಳೆ ಸಮೀಕ್ಷೆಯಲ್ಲಿ ಸ್ಥಳಕ್ಕೆ ಹೋಗಿ ಮೊಬೈಲ್‌ನಲ್ಲಿ ಫೋಟೊ ತೆಗೆದು ಬೆಳೆ ದಾಖಲಿಸುತ್ತಾರೆ, ರೈತರೇ ತಮ್ಮ ಜಮೀನಿನದನ್ನು ಹಾಕಲೂ ಅವಕಾಶವಿದೆ. ದಯವಿಟ್ಟು ನೀವೇ ಹಾಕಿ. ತಪ್ಪು ದಾಖಲಾಗಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಇದು ಸುಮ್ನೆ ಕಾಗದದ ಮಾತಲ್ಲ. ನಾಲೆಗೆ ಯಾವಾಗ ಎಷ್ಟು ನೀರು ಬಿಡಬೇಕು ಅನ್ನುವ ಲೆಕ್ಕದಲ್ಲಿ ಕೆಳಗೆ ಭತ್ತ ಎಷ್ಟಿದೆ, ತೋಟ ಎಷ್ಟಿದೆ ಅನ್ನುವುದೇ ಮುಖ್ಯ. 2023ರ ಬರದಲ್ಲಿ ಭದ್ರಾ ನೀರಿಗಾಗಿ ದಾವಣಗೆರೆ ಭಾಗದ ರೈತರು ಬೀದಿಗಿಳಿದಿದ್ದು ನೆನಪಿರಬಹುದು. ಭತ್ತಕ್ಕೆ ಬೇಕಾದ ನೀರಿನ ವೇಳೆಯೇ ಬೇರೆ, ಅಡಿಕೆಗೆ ಬೇಕಾದ ವೇಳೆಯೇ ಬೇರೆ. ದಾಖಲೆ ಒಂದು ಹೇಳಿ ನೆಲ ಇನ್ನೊಂದು ಹೇಳಿದರೆ ಜಗಳ ತೀರುವುದಾದರೂ ಹೇಗೆ?

ಒಂದು ವೆಬ್‌ಸೈಟಿನಲ್ಲಿ ನಮ್ಮ ತೋಟ ನೋಡಿದೆ. ಪೂರ್ತಿ ಕಡುಕೆಂಪು ಬಣ್ಣದಲ್ಲಿದೆ. ರೋಗ ಬಂದಿರುವ ಸೂಚನೆಯೇ? (ತೀರ್ಥಹಳ್ಳಿ)

ಗಾಬರಿ ಬೇಡ. ಕೆಂಪಾಗಿದ್ದರೆ ಒಳ್ಳೆಯದೇ. ಮೇಲೆ ಹೇಳಿದ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣಲ್ಲ, ಅದನ್ನು ತೋರಿಸಲು ಕೆಂಪು ಬಣ್ಣ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಹಸಿರು ದಟ್ಟವಾಗಿದ್ದಷ್ಟೂ ಕೆಂಪು ಕಡುವಾಗುತ್ತದೆ. ಉತ್ತ ಹೊಲ ತಿಳಿ ನೀಲಿ ಅಥವಾ ಬೂದು, ಆಳವಾದ ಕೆರೆ ಕಪ್ಪು.

ನಮ್ಮ ದೇಶದಲ್ಲಿ ದೂರಸಂವೇದಿ ಕೆಲಸ, ಅಂದರೆ ದೂರದಿಂದಲೇ ನೆಲವನ್ನು ನೋಡಿ ಅಳೆಯುವ ಕೆಲಸ, ಶುರುವಾಗಿದ್ದೇ ಇಂಥ ಬಣ್ಣದಿಂದ. 1970ರ ಹೊತ್ತಿಗೆ ವಿಜ್ಞಾನಿ ಪಿ. ಆರ್. ಪಿಷಾರಟಿ ಮತ್ತು ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಹೋಗಿ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ಫೋಟೊ ತೆಗೆದು, ಬೇರು ಸೊರಗು ರೋಗ ಬಂದ ಮರಗಳನ್ನು ಗುರುತಿಸಿದ್ದರು. ಆಗ ನಮ್ಮದೇ ಉಪಗ್ರಹ ಒಂದೂ ಇರಲಿಲ್ಲ. ಭಾರತದ ದೂರಸಂವೇದಿ ಉಪಗ್ರಹಗಳ ಐಆರ್‌ಎಸ್ ಸರಣಿಯ ಮೊದಲನೆಯದು ಹಾರಿದ್ದು 1988ರ ಮಾರ್ಚ್‌ನಲ್ಲಿ.

ಆದರೆ ಹೆಲಿಕಾಪ್ಟರಿನ ಫೋಟೊದಲ್ಲಿ ಒಂದೊಂದು ಮರವೂ ಕಾಣುತ್ತದೆ, ನೀವು ನೋಡಿದ ಚಿತ್ರದಲ್ಲಿ ಕಾಣಲ್ಲ. ವರ್ಷದಿಂದ ವರ್ಷಕ್ಕೆ, ಅದೇ ತಿಂಗಳಲ್ಲಿ ನಿಮ್ಮ ತೋಟದ ಒಂದು ಭಾಗ ಮಾತ್ರ ಬಣ್ಣ ಕಳೆದುಕೊಳ್ಳುತ್ತಿದ್ದರೆ ಅಲ್ಲಿಗೆ ಹೋಗಿ ನೋಡಿ. ಎಲೆಚುಕ್ಕಿಯೋ, ಹಳದಿ ಎಲೆ ರೋಗವೋ, ಬೋರ್‌ವೆಲ್ ಬತ್ತಿದ್ದೋ ಅಂತ ಮರದ ಕೆಳಗೆ ನಿಂತು ನೋಡಿದವರೇ ಹೇಳಬೇಕು.

ನಾವು ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತರು. ಮೇಲಿನವರು ಭತ್ತ ಬೆಳೆದು ನೀರೆಲ್ಲ ಅಲ್ಲೇ ಮುಗಿಯುತ್ತದೆ. ಇದನ್ನು ಉಪಗ್ರಹ ಚಿತ್ರದಿಂದ ತೋರಿಸಲು ಬರುತ್ತಾ? (ಮಾನ್ವಿ)

ಬರುತ್ತದೆ, ಮತ್ತು ಇದನ್ನು ರೈತರೇ ಮಾಡಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಇಂಥ ಕೆಲಸ ಹೊಸದೇನಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯವರು 1990ರ ದಶಕದಲ್ಲೇ ಭದ್ರಾ ಅಚ್ಚುಕಟ್ಟನ್ನು ಉಪಗ್ರಹ ಚಿತ್ರಗಳಿಂದ ಅಳೆದಿದ್ದರು. ಎಲ್ಲಿ ಭತ್ತ, ಎಲ್ಲಿ ಬೇರೆ ಬೆಳೆ, ನಾಲೆಯ ತಲೆಯಲ್ಲಿ ಬೆಳೆ ಹೇಗಿದೆ, ಬಾಲದಲ್ಲಿ ಹೇಗಿದೆ ಅಂತ ಹೋಲಿಸಿ ನೋಡಿದ್ದರು. ಆಗ ಅದಕ್ಕೆ ದೊಡ್ಡ ಸಂಸ್ಥೆಯೇ ಬೇಕಿತ್ತು. ಈಗ ಒಂದು ಕಂಪ್ಯೂಟರ್, ಇಂಟರ್‌ನೆಟ್, ಕಲಿತ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಸಾಕು.

ತುಂಗಭದ್ರಾ ಯೋಜನೆ ರೂಪಿಸಿದಾಗ ಎಡದಂಡೆಯಲ್ಲಿ ಹೆಚ್ಚಿನ ಜಮೀನಿಗೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತಲೇ ಲೆಕ್ಕ ಹಾಕಿದ್ದು. ಗಂಗಾವತಿ, ಸಿಂಧನೂರು ಕಡೆ ಭತ್ತ ಹೇಗೆ ಹರಡಿತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜೊತೆಗೆ ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಬಂದಿದೆ. ಅಂದರೆ ಕೊನೆಭಾಗದ ಕಷ್ಟಕ್ಕೆ ಮೇಲಿನವರ ಭತ್ತ ಒಂದೇ ಕಾರಣ ಅಲ್ಲ, ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಚಿತ್ರ ನೋಡಿ.

ಮುಂಗಾರಿನಲ್ಲಿ ಒಂದು ತೊಡಕಿದೆ. ಜುಲೈ, ಆಗಸ್ಟ್‌ನಲ್ಲಿ ಮೋಡ. ಸೆಂಟಿನೆಲ್-2 ಬೆಳಗ್ಗೆ ಹತ್ತೂವರೆ ಸುಮಾರಿಗೆ ಹಾಯುತ್ತದೆ, ಆಗ ಮೋಡ ಇದ್ದರೆ ಚಿತ್ರದಲ್ಲೂ ಬರಿ ಮೋಡವೇ. ಅದಕ್ಕೆ ರೇಡಾರ್ ಉಪಗ್ರಹ ಬೇಕು. ಸೆಂಟಿನೆಲ್-1 2014ರಿಂದ ಇದೆ, ಅದರ ಚಿತ್ರವೂ ಉಚಿತ. ಅದು ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಅಳೆಯುತ್ತದೆ. ಮೋಡ ಅಡ್ಡ ಬರಲ್ಲ, ರಾತ್ರಿಯಾದರೂ ಚಿಂತೆಯಿಲ್ಲ. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆ ನುಣುಪಾಗಿರುತ್ತದೆ, ಬಡಿದ ಅಲೆ ಆಚೆಗೆ ಜಾರಿ ಹೋಗುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದೇ ಕಡಿಮೆ. ಹಾಗಾಗಿ ನಾಟಿ ಗದ್ದೆ ಚಿತ್ರದಲ್ಲಿ ಕಪ್ಪು. ಪೈರು ಎದ್ದ ಹಾಗೆ ವಾರ ವಾರಕ್ಕೆ ಬೆಳ್ಳಗಾಗುತ್ತಾ ಬರುತ್ತದೆ. ಮೊದಲು ಕಪ್ಪು, ಆಮೇಲೆ ಬೆಳಕು, ಈ ಗುರುತು ಹತ್ತಿಯಲ್ಲೂ ಜೋಳದಲ್ಲೂ ಬರಲ್ಲ. ಭತ್ತವನ್ನು ಗುರುತಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. 2025ರ ಜುಲೈನಲ್ಲಿ ಇಸ್ರೋ ಮತ್ತು ನಾಸಾ ಸೇರಿ ಹಾರಿಸಿದ ನಿಸಾರ್ ಕೂಡ ರೇಡಾರ್ ಉಪಗ್ರಹವೇ.

ಒಂದು ಒಳ್ಳೆ ವರ್ಷ, ಒಂದು ಬರದ ವರ್ಷ ತೆಗೆದುಕೊಳ್ಳಿ. 2022 ಮತ್ತು 2023 ಸರಿಯಾದ ಜೋಡಿ. ಎರಡು ವರ್ಷದಲ್ಲೂ ಉಪಕಾಲುವೆವಾರು ಭತ್ತದ ಜಾಗ ಎಷ್ಟು, ನಿಮ್ಮ ಕಡೆ ಬೆಳೆ ಎಷ್ಟು ಅಂತ ಪಕ್ಕಪಕ್ಕ ಇಡಿ. ಆದರೆ ಮೇಲ್ಭಾಗದಲ್ಲಿ ಕಂಡ ಭತ್ತವೆಲ್ಲ ನಾಲೆ ನೀರಿನದ್ದೇ ಅಂತ ಚಿತ್ರ ಹೇಳಲ್ಲ. ಬೋರ್‌ವೆಲ್ ಇರಬಹುದು, ಹಳ್ಳಕ್ಕೆ ಪಂಪ್ ಇಟ್ಟಿರಬಹುದು. ಆದ್ದರಿಂದ ಯಾವ ಉಪಕಾಲುವೆಗೆ ಯಾವ ದಿನ ಎಷ್ಟು ನೀರು ಹರಿಯಿತು ಅನ್ನುವ ಗೇಜ್ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಚಿತ್ರ ಮತ್ತು ಗೇಜ್ ಲೆಕ್ಕ ಎರಡನ್ನೂ ಒಟ್ಟಿಗೆ ಹಿಡಿದು ನೀರಾವರಿ ಸಲಹಾ ಸಮಿತಿ ಸಭೆಗೆ ಹೋದರೆ ಮಾತಿಗೆ ತೂಕ ಬರುತ್ತದೆ. ಇನ್ನೊಂದು ಮಾತು. ಮೇಲಿನ ರೈತ ನಿಮ್ಮ ಶತ್ರುವಲ್ಲ, ಅವನಿಗೂ ಭತ್ತ ಬಿಟ್ಟು ಬೇರೆ ಬೆಳೆದರೆ ಬೆಲೆ ಸಿಗುತ್ತದಾ ಅನ್ನುವ ಭಯ ಇದೆ. ಹೆಸರು, ಸರ್ವೆ ನಂಬರ್ ಹಾಕಿ ಊರಲ್ಲಿ ಹಂಚಬೇಡಿ. ಉಪಕಾಲುವೆ ಮಟ್ಟದ ಲೆಕ್ಕ ಸಾಕು.

ಬಗರ್ ಹುಕುಂ ಅರ್ಜಿ ಹಾಕಿದ್ದೇವೆ. 2005ಕ್ಕಿಂತ ಮುಂಚೆ ಸಾಗುವಳಿ ಇತ್ತಾ ಅಂತ ಉಪಗ್ರಹ ಚಿತ್ರ ನೋಡುತ್ತಾರಂತೆ. ನಮ್ಮದು ಎರಡು ಎಕರೆ, ಸುತ್ತ ಕಾಡು. ಚಿತ್ರದಲ್ಲಿ ಕಾಣದಿದ್ದರೆ ಅರ್ಜಿ ಹೋಯಿತೇ? (ಸಾಗರ)

ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಹಾಕುವ ನಮೂನೆ 57ರ ಅರ್ಜಿಗೆ 2005ರ ಜನವರಿ 1ಕ್ಕಿಂತ ಮುಂಚಿನ ಸಾಗುವಳಿ ಇರಬೇಕು. ಹಳೆಯ ಉಪಗ್ರಹ ಚಿತ್ರದಿಂದ ಅದನ್ನು ಪರಿಶೀಲಿಸುತ್ತೇವೆ ಎಂದು ಕಂದಾಯ ಸಚಿವರು ಹೇಳಿರುವುದೂ ನಿಜ. ದೊಡ್ಡ ದೊಡ್ಡ ಸುಳ್ಳು ಅರ್ಜಿಗಳನ್ನು ಹಿಡಿಯಲು ಇದು ಒಳ್ಳೆಯ ದಾರಿ. 2010ರಲ್ಲೂ ದಟ್ಟ ಕಾಡಿದ್ದ ಜಾಗಕ್ಕೆ 2004ರಲ್ಲೇ ಉಳುತ್ತಿದ್ದೆ ಅಂದರೆ ಚಿತ್ರ ಅದನ್ನು ಒಪ್ಪಲ್ಲ.

ಆದರೆ ಸಣ್ಣ ಜಮೀನಿನವರ ಭಯವೂ ನ್ಯಾಯವಾದದ್ದೇ. ಆ ಕಾಲದ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ನಿಮ್ಮ ಎರಡು ಎಕರೆ ಅಂದರೆ ಒಟ್ಟು ಒಂಬತ್ತು ಚುಕ್ಕಿ. ಅದರಲ್ಲಿ ಅಂಚಿನವು ಕಾಡಿನ ಜೊತೆ ಬೆರೆತಿರುತ್ತವೆ, ನಡುವೆ ಶುದ್ಧವಾಗಿ ಉಳಿಯುವುದು ಒಂದೋ ಎರಡೋ. ಇದರ ಮೇಲೆ 2003ರ ಮೇ ತಿಂಗಳಲ್ಲಿ ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟಿತು. ಆಮೇಲಿನ ಪ್ರತಿ ಚಿತ್ರದಲ್ಲೂ ಸುಮಾರು ಐದನೇ ಒಂದು ಭಾಗ ಕಪ್ಪು ಪಟ್ಟೆಯಾಗಿ ಹೋಗಿದೆ. ನಿಮ್ಮ ಜಮೀನು ಆ ಪಟ್ಟೆಯೊಳಗೆ ಬಿದ್ದಿದ್ದರೆ ಆ ದಿನದ ಚಿತ್ರ ಏನನ್ನೂ ಹೇಳುವುದಿಲ್ಲ. ನಮ್ಮ ಐಆರ್‌ಎಸ್-1ಸಿ, 1ಡಿ ಉಪಗ್ರಹಗಳ ಸುಮಾರು 6 ಮೀಟರಿನ ಕಪ್ಪು ಬಿಳುಪು ಚಿತ್ರಗಳು ಆ ಕಾಲಕ್ಕೆ ಇವೆ. ನಿಮ್ಮ ಜಾಗದ್ದು ಬೇಸಿಗೆಯಲ್ಲಿ ತೆಗೆದದ್ದು ಸಿಕ್ಕಿದರೆ ಅದೇ ಉತ್ತಮ.

ಅಲ್ಲಿ ಏನು ಬೆಳೆದಿದ್ದಿರಿ ಅನ್ನುವುದೂ ಮುಖ್ಯ. ಗದ್ದೆ ಇದ್ದರೆ ಮಾರ್ಚ್ ತಿಂಗಳ ಚಿತ್ರದಲ್ಲಿ ಕಾಡಿನ ನಡುವೆ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಮರದ ನೆರಳಿನಲ್ಲಿ ಅಡಿಕೆ, ಮೆಣಸು ಇದ್ದರೆ ಕಾನಿಗೂ (ದಟ್ಟ ಕಾಡಿಗೂ) ತೋಟಕ್ಕೂ ವ್ಯತ್ಯಾಸ ತಿಳಿಯುವುದು ತುಂಬ ಕಷ್ಟ. ಚಿತ್ರದಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಸಾಗುವಳಿ ಇರಲೇ ಇಲ್ಲ ಅಂತ ಆಗಲ್ಲ.

ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಿ ಇರಬಹುದು, ಅದರ ಜಾಗಕ್ಕೆ ಬರುವಂತಿಲ್ಲ. ಬಗರ್ ಹುಕುಂ ಕಾನೂನು ಬೇರೆ, ಆದರೆ ತರ್ಕ ಅಲ್ಲಿಗೂ ಹೊಂದುತ್ತದೆ ಎಂಬುದು ನನ್ನ ನಿಲುವು. ದಂಡ ಕಟ್ಟಿದ ರಸೀದಿ, ಹಳೆಯ ಪಹಣಿ, ಅಕ್ಕಪಕ್ಕದ ಹಿರಿಯರ ಹೇಳಿಕೆ, ಏನಿದೆಯೋ ಎಲ್ಲ ಜೋಡಿಸಿ ಇಡಿ. ಅರ್ಜಿ ತಿರಸ್ಕರಿಸಿದರೆ ಯಾವ ಉಪಗ್ರಹ, ಯಾವ ದಿನದ ಚಿತ್ರ, ಚುಕ್ಕಿಯ ಅಳತೆ ಎಷ್ಟು ಅಂತ ಲಿಖಿತವಾಗಿ ಕೇಳಿ. ಮೇಲ್ಮನವಿಗೆ ಹೋಗುವುದಾದರೆ ಮೊಬೈಲ್ ಸ್ಕ್ರೀನಿನ ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗಬೇಡಿ. ಹೈದರಾಬಾದಿನ ದೂರಸಂವೇದಿ ಕೇಂದ್ರದಿಂದ ದಿನಾಂಕ ಸಹಿತ ಚಿತ್ರ ಪಡೆಯಬಹುದು. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದನ್ನು ವಕೀಲರ ಹತ್ತಿರ ಮೊದಲೇ ಮಾತಾಡಿ.

ನಮ್ಮಲ್ಲಿ ಗದ್ದೆಗಳು ವರ್ಷ ವರ್ಷ ಬೇಸಾಯವಿಲ್ಲದೆ ಹಡಿಲು ಬೀಳುತ್ತಿವೆ. ಮಳೆಗಾಲದಲ್ಲಿ ಮೇಲಿನಿಂದ ನೋಡಿದರೆ ಹಡಿಲು ಗದ್ದೆಯೂ ಹಸಿರಲ್ಲವೇ? ಹೇಗೆ ಲೆಕ್ಕ ಹಾಕುತ್ತಾರೆ? (ಬ್ರಹ್ಮಾವರ)

ಒಳ್ಳೆಯ ಪ್ರಶ್ನೆ. ಸೆಪ್ಟೆಂಬರಿನಲ್ಲಿ ಮೋಡ ಸರಿದ ಒಂದು ದಿನದ ಚಿತ್ರ ಇಟ್ಟುಕೊಂಡು ಕರಾವಳಿಯ ಭತ್ತದ ಲೆಕ್ಕ ಹಾಕಿದರೆ ಅದು ತಪ್ಪೇ ಆಗುತ್ತದೆ. ಹುಲ್ಲು, ಕಳೆ, ಏಣೆಲು (ಮುಂಗಾರು) ಭತ್ತ ಎಲ್ಲವೂ ಒಂದೇ ಹಸಿರು.

ಎರಡು ಸಮಯ ನೋಡಬೇಕು. ಜೂನ್ ಕೊನೆ, ಜುಲೈನಲ್ಲಿ ರೇಡಾರ್ ಚಿತ್ರ. ಉತ್ತು ಕೆಸರು ಮಾಡಿದ ಗದ್ದೆ ಕಪ್ಪಾಗಿ ಕಾಣುತ್ತದೆ, ಹಡಿಲು ಗದ್ದೆಯಲ್ಲಿ ಹುಲ್ಲು ಎದ್ದಿರುವುದರಿಂದ ಅಷ್ಟು ಕಪ್ಪಾಗಲ್ಲ. ಎರಡನೆಯದು ಅಕ್ಟೋಬರ್, ನವೆಂಬರ್. ಬೆಳೆದ ಗದ್ದೆ ಹಳದಿಯಾಗಿ ಕೊಯ್ಲಾಗಿ ಒಂದೇ ಸಲ ಬರಿದಾಗುತ್ತದೆ. ಹಡಿಲು ಗದ್ದೆ ನಿಧಾನಕ್ಕೆ, ತೇವ ಆರಿದ ಹಾಗೆ ಒಣಗುತ್ತದೆ. ಈ ಎರಡೂ ಗುರುತು ಸೇರಿದರೆ ಮಾತ್ರ ಹೇಳಬಹುದು.

ಒಂದು ವರ್ಷ ಬಿಟ್ಟರೆ ಅದು ಹಡಿಲೇ ಅಂತ ಬರೆದುಬಿಡಬಾರದು. ನಾಟಿಗೆ ಜನ ಸಿಗಲಿಲ್ಲ, ಮನೆಯಲ್ಲಿ ಕಾಯಿಲೆ, ಹೀಗೆ ಏನೇನೋ ಕಾರಣ ಇರುತ್ತದೆ. ಸರ್ಕಾರಿ ಅಂಕಿಅಂಶದಲ್ಲೂ ಆ ವರ್ಷ ಮಾತ್ರ ಬಿಟ್ಟ ಬೀಳು ಬೇರೆ, ಒಂದರಿಂದ ಐದು ವರ್ಷದ ಬೀಳು ಬೇರೆ. ಸಾಲಾಗಿ ಮೂರ್ನಾಲ್ಕು ವರ್ಷ ಕೊಯ್ಲಿನ ಗುರುತು ಇಲ್ಲದಿದ್ದರೆ ಆಗ ಬರೆಯಿರಿ. ಅದಕ್ಕಿಂತ ಜಾಸ್ತಿ ಬಿಟ್ಟ ಗದ್ದೆಯಲ್ಲಿ ಪೊದೆ ಎದ್ದು ಏಪ್ರಿಲ್‌ನಲ್ಲೂ ಹಸಿರು ಕಾಣತೊಡಗುತ್ತದೆ, ಮರಳಿ ಗದ್ದೆ ಮಾಡುವ ಖರ್ಚು ಏರುವುದೂ ಆಗಲೇ. ಇನ್ನೂ ಪೊದೆ ಏಳದ ಹಡಿಲು ಗದ್ದೆಗಳ ನಕ್ಷೆಯನ್ನು ಪ್ರತಿ ಪಂಚಾಯ್ತಿಯೂ ಮಾಡಿಟ್ಟುಕೊಂಡರೆ ಯಾವುದನ್ನು ಮೊದಲು ಉಳಿಸಬೇಕು ಅಂತ ಗೊತ್ತಾಗುತ್ತದೆ. ಇದು ತುರ್ತಾಗಿ ಆಗಬೇಕಾದ ಕೆಲಸ.

ಕಣ್ಣೆದುರೇ ಮರ ಕಡಿಯುತ್ತಿದ್ದಾರೆ, ಆದರೂ ಉಪಗ್ರಹದ ಪ್ರಕಾರ ಅರಣ್ಯ ಹೆಚ್ಚಿದೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ಯಾವುದು ನಿಜ? (ಮೈಸೂರು)

ಎರಡೂ ನಿಜ ಇರಬಹುದು. ಭಾರತೀಯ ಅರಣ್ಯ ಸರ್ವೇಕ್ಷಣೆ 1987ರಿಂದ ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತದೆ. ಅದರಲ್ಲಿ 'ಅರಣ್ಯ ಹೊದಿಕೆ' ಅಂದರೆ ಒಂದು ಹೆಕ್ಟೇರಿಗಿಂತ ಹೆಚ್ಚಿನ ಯಾವುದೇ ಜಾಗ, ಮರಗಳ ನೆರಳು ಶೇ 10ರಷ್ಟಿದ್ದರೆ ಸಾಕು. ಜಮೀನು ಯಾರದ್ದು, ಮರ ಯಾವುದು ಅಂತ ಕೇಳುವುದಿಲ್ಲ. ಹಾಗಾಗಿ ಕಾಫಿ ತೋಟ, ತೆಂಗು, ನೀಲಗಿರಿ ತೋಪು ಎಲ್ಲವೂ ಒಳಗೆ ಬರುತ್ತವೆ. ಚನ್ನಗಿರಿಯವರು ಬರೆದ ಹಾಗೆ ಗದ್ದೆ ಅಡಿಕೆ ತೋಟವಾದರೆ ಅದೂ ಹೊದಿಕೆಗೆ ಸೇರಿಕೊಳ್ಳಬಹುದು. ಒಂದು ಕಡೆ ಹಳೆಯ ಕಾಡು ಹೋಗಿ ಇನ್ನೊಂದು ಕಡೆ ತೋಟ ಬಂದರೆ ಒಟ್ಟು ಅಂಕಿ ಅಲ್ಲಾಡುವುದೇ ಇಲ್ಲ.

ಉಪಗ್ರಹ ಸುಳ್ಳು ಹೇಳಿಲ್ಲ, ಅದಕ್ಕೆ ಕಂಡಿದ್ದು ಮರದ ತಲೆ. ಯಾವುದನ್ನು ಅರಣ್ಯ ಅನ್ನಬೇಕು ಅಂತ ತೀರ್ಮಾನಿಸಿದ್ದು ಮನುಷ್ಯರು. ಉಚಿತವಾಗಿ ಸಿಗುವ ಜಾಗತಿಕ ಭೂ ಹೊದಿಕೆ ನಕ್ಷೆಗಳಲ್ಲೂ ತೋಟವನ್ನು 'ಮರ' ಎಂದೇ ಬಣ್ಣ ಹಚ್ಚಿರುವುದು ಸಾಮಾನ್ಯ. ನಕ್ಷೆಯ ಬಣ್ಣದ ಪಟ್ಟಿಯಲ್ಲಿ ಏನು ಬರೆದಿದೆ ಅನ್ನುವುದನ್ನು ಓದದೆ ಅಂಕಿ ಎತ್ತಿಕೊಳ್ಳಬೇಡಿ.

ಮೆಕ್ಕೆಜೋಳ ಹಾಳಾಯಿತು. ಉಪಗ್ರಹದಲ್ಲಿ ನೋಡಿ ವಿಮೆ ಕೊಡುತ್ತಾರೆ ಅಂತ ಯಾರೋ ಹೇಳಿದರು. ನಮ್ಮ ಹೊಲ ನೋಡಿರುತ್ತಾರಾ? (ಹಾವೇರಿ ಜಿಲ್ಲೆ)

ಅದನ್ನು ನಂಬಿ ಕೂರಬೇಡಿ. ಫಸಲ್ ಬಿಮಾದಲ್ಲಿ ಇಳುವರಿ ನಷ್ಟವನ್ನು ಒಬ್ಬೊಬ್ಬರ ಹೊಲಕ್ಕೆ ಲೆಕ್ಕ ಹಾಕುವುದಿಲ್ಲ. ಪ್ರಮುಖ ಬೆಳೆಗೆ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ನೋಡುತ್ತಾರೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಮೊದಲಾದ ತಂತ್ರಜ್ಞಾನದ ಅಂದಾಜಿಗೆ ಶೇ 30ರಷ್ಟು ತೂಕ ಕೊಡುವ ಕ್ರಮ ಬಂದಿದೆ, ಶುರುವಾಗಿದ್ದು ಆ ಎರಡು ಬೆಳೆಗಳಿಂದ. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ನಿಮ್ಮ ಹೊಲಕ್ಕೆ ಮಾತ್ರ ಹಾನಿಯಾಗಿದ್ದರೆ 72 ಗಂಟೆಯೊಳಗೆ ನೀವೇ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯ, ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇದೆಯಾ ಇವತ್ತೇ ನೋಡಿ. ಮೆಕ್ಕೆಜೋಳಕ್ಕೆ ಕಂತು ಕಟ್ಟಿ ಸಮೀಕ್ಷೆಯಲ್ಲಿ ಹತ್ತಿ ಅಂತಿದ್ದರೆ ಪರಿಹಾರ ನಿಲ್ಲುತ್ತದೆ.

ಭೂಗೋಳ ಓದುತ್ತಿದ್ದೇನೆ. ನಮ್ಮೂರಿನ ಬದಲಾವಣೆ ನಾನೇ ನೋಡಬೇಕು. ಎಲ್ಲಿಂದ ಶುರು ಮಾಡಲಿ? ದುಡ್ಡು ಖರ್ಚಾಗುತ್ತಾ? (ಧಾರವಾಡ)

ಖರ್ಚಿಲ್ಲ. ಕೋಪರ್ನಿಕಸ್ ಬ್ರೌಸರ್ ಎಂಬ ತಾಣಕ್ಕೆ ಹೋಗಿ ಉಚಿತ ಖಾತೆ ಮಾಡಿ. ಊರು ಹುಡುಕಿ, ಸೆಂಟಿನೆಲ್-2 ಆರಿಸಿ, ಮೋಡ ಕಡಿಮೆ ಇರುವ ದಿನ ಹಾಕಿ. ಒಂದು ಹೊಲದ ಸುತ್ತ ಗೆರೆ ಎಳೆದರೆ ಅದರ ಎನ್‌ಡಿವಿಐ ಏರಿಳಿತದ ಗೆರೆಯನ್ನು ಅದೇ ಬಿಡಿಸಿ ಕೊಡುತ್ತದೆ. ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್ ಇದೆ, ಆದರೆ ಅದರ ಗಡಿ ಕೆಲವು ಮೀಟರ್ ಆಚೀಚೆ ಇರಬಹುದು, ಅದನ್ನು ಹಿಡಿದು ಬದುವಿನ ಜಗಳಕ್ಕೆ ಹೋಗಬೇಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷದ ಚಿತ್ರಗಳನ್ನು ಹಿಂದಕ್ಕೆ ತಿರುಗಿಸಿ ನೋಡಬಹುದು, ಅದರಲ್ಲಿ ಮರ ಮರವೂ ಕಾಣುತ್ತದೆ, ಆದರೆ ಯಾವ ವರ್ಷದ್ದು ಸಿಗುತ್ತದೆ ಅಂತ ಖಾತ್ರಿಯಿಲ್ಲ. ಇಸ್ರೋದ ಭುವನ್ ತಾಣದಲ್ಲಿ 2005-06, 2011-12, 2015-16ರ ಭೂ ಬಳಕೆ ನಕ್ಷೆಗಳಿವೆ, ಹೋಲಿಸಲು ಒಳ್ಳೆಯದು. ಮುಂದೆ ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಕಲಿಯಿರಿ, ಆಮೇಲೆ ಗೂಗಲ್ ಅರ್ಥ್ ಎಂಜಿನ್. ಓದುವವರಿಗೆ ಅದೂ ಉಚಿತವೇ.

ಆದರೆ ಮೊದಲ ಕೆಲಸ ಕಂಪ್ಯೂಟರಿನಲ್ಲಿಲ್ಲ. ಹಿಂಗಾರಿನಲ್ಲಿ ನಿಮ್ಮೂರ ಸುತ್ತ ಒಂದು ಸುತ್ತು ಹಾಕಿ. ಕಡಲೆ, ಬಿಳಿಜೋಳ, ಕುಸುಬೆ, ಗೋಧಿ, ಬೀಳು, ಒಂದೊಂದಕ್ಕೂ ಕೆಲವು ಹೊಲ ಆರಿಸಿ. ಹೊಲದ ನಡುವೆ ನಿಂತು ಮೊಬೈಲ್‌ನಲ್ಲಿ ಜಾಗದ ಗುರುತು ತೆಗೆದುಕೊಳ್ಳಿ, ಬಿತ್ತಿದ್ದು ಯಾವಾಗ, ಕಳೆದ ಮುಂಗಾರಿನಲ್ಲಿ ಏನಿತ್ತು, ಹತ್ತು ವರ್ಷದ ಹಿಂದೆ ಏನಿತ್ತು ಅಂತ ಆ ಹೊಲದವರನ್ನೇ ಕೇಳಿ ಬರೆದುಕೊಳ್ಳಿ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ. ಆಮೇಲೆ ಬಂದು ಆ ಹೊಲಗಳ ಗೆರೆಗಳನ್ನು ಒಂದೊಂದಾಗಿ ನೋಡಿ. ಕಡಲೆಯ ಗೆರೆ ಯಾವುದು, ಜೋಳದ್ದು ಯಾವುದು ಅಂತ ಕಣ್ಣಿಗೆ ಕೂತ ಮೇಲೆ ಹಳೆಯ ವರ್ಷಗಳಿಗೆ ಹೋಗಿ. ಅರ್ಧ ಹೊಲಗಳನ್ನು ಮಾತ್ರ ಕಲಿಯಲು ಬಳಸಿ, ಉಳಿದರ್ಧವನ್ನು ಪರೀಕ್ಷೆಗೆ ಬಿಟ್ಟುಕೊಳ್ಳಿ. ಎಷ್ಟು ಸರಿ ಬಂತು, ಎಷ್ಟು ತಪ್ಪಾಯಿತು ಅನ್ನುವ ಲೆಕ್ಕವನ್ನು ನಕ್ಷೆಯ ಕೆಳಗೇ, ಚಿತ್ರದ ದಿನಾಂಕದ ಜೊತೆ ಬರೆಯಿರಿ.